ಬಾಡಿಗೆ ದೋಣಿಯ ಕಪ್ತಾನ

ಮೀನು ಹಿಡಿಯುವವರಲ್ಲಿ ಎರಡು ಬಗೆಯುಂಟು. ಹೊಟ್ಟೆಪಾಡಿಗಾಗಿ ಹಿಡಿಯುವವರು ಕೆಲವರು. ವಿನೋದಕ್ಕಾಗಿ ಹಿಡಿಯುವವರು ಮತ್ತೆ ಕೆಲವರು. ಈ ಎರಡು ಪಂಗಡಕ್ಕೂ ಪೂರ್ತಿಯಾಗಿ ಸೇರದ ಮೂರನೆಯವನೊಬ್ಬನಿದ್ದಾನೆ. ಪರರ ವಿನೋದವೇ ಅವನ ಹೊಟ್ಟೆಪಾಡು. ಅವನೇ ಬಾಡಿಗೆ ದೋಣಿಯ ಕಪ್ತಾನ. ನಮ್ಮ ಕರಾವಳಿಯ ತಾಂಡೇಲನಿಗೆ ಬಲೆ ತುಂಬಿದರೆ ಸಮಾಧಾನ. ಈ ಕಪ್ತಾನನಾದರೋ ದೋಣಿ ಏರಿ ಬಂದವರ ಮನಸ್ಸನ್ನೂ ತುಂಬಬೇಕು.

ಈ ವೃತ್ತಿಗೆ ಹೆಸರಾದ ಊರುಗಳಲ್ಲಿ ಅಮೆರಿಕದ ಕೀ ವೆಸ್ಟ್ ಒಂದು. ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಿಂದ ಬಾಗಿದ ಹಾರದಂತೆ ಹಬ್ಬಿರುವ ದ್ವೀಪಗಳ ಸಾಲಿನಲ್ಲಿ ಅದು ಕೊನೆಯ ಪಟ್ಟಣ. ಅಲ್ಲಿಂದ ಕ್ಯೂಬಾ ದೇಶ ಸುಮಾರು 150 ಕಿಲೋಮೀಟರ್ ದೂರ. ನಡುವಿನ ಕಡಲಿನಲ್ಲಿ ಗಲ್ಫ್ ಪ್ರವಾಹವೆಂಬ ಬೆಚ್ಚನೆಯ ಪ್ರವಾಹ ಮಹಾನದಿಯಂತೆ ಹರಿಯುತ್ತದೆ. ದಡದ ಬಳಿ ತೆಳುಹಸುರಾಗಿದ್ದ ನೀರು ಅಲ್ಲಿಗೆ ಬಂದೊಡನೆ ಗಾಢ ನೀಲಿಯಾಗುತ್ತದೆ. ಈಟಿಯಂಥ ಮೂತಿಯ ಮಾರ್ಲಿನ್, ಬೆನ್ನ ಮೇಲೆ ಹಾಯಿ ಬಿಚ್ಚಿದಂತೆ ರೆಕ್ಕೆಯುಳ್ಳ ಸೇಲ್‌ಫಿಶ್ ಮೊದಲಾದ ದೊಡ್ಡ ಮೀನುಗಳ ಸಂಚಾರ ಆ ನೀಲಿ ನೀರಿನಲ್ಲಿ.

ನಸುಕಿನಲ್ಲೇ ಕಪ್ತಾನನ ದಿನ ಆರಂಭವಾಗುತ್ತದೆ. ಯಂತ್ರಕ್ಕೆ ಎಣ್ಣೆ, ಪೆಟ್ಟಿಗೆಗೆ ಮಂಜುಗಡ್ಡೆ, ಗಾಳಕ್ಕೆ ಎರೆಮೀನು ಇವೆಲ್ಲ ಅತಿಥಿಗಳು ಬರುವ ಮುನ್ನ ಸಿದ್ಧವಾಗಿರಬೇಕು. ಸಂಗಡ ಒಬ್ಬ ಸಹಾಯಕನಿರುತ್ತಾನೆ. ಹೆಚ್ಚೆಂದರೆ ಆರು ಮಂದಿಯನ್ನು ಕರೆದೊಯ್ಯುವ ಚಿಕ್ಕ ಪರವಾನಗಿ ಬೇಕೆಂದರೂ ಅಮೆರಿಕದ ಕರಾವಳಿ ರಕ್ಷಣಾ ಪಡೆಗೆ 360 ದಿನಗಳ ಸಮುದ್ರಾನುಭವವನ್ನು ತೋರಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆದರೆ ಮೀನನ್ನು ಎಲ್ಲಿ ಹುಡುಕಬೇಕೆಂಬ ಪ್ರಶ್ನೆ ಆ ಪರೀಕ್ಷೆಯಲ್ಲಿ ಬರುವುದಿಲ್ಲ. ಅದನ್ನು ಕಲಿಸುವ ಗುರು ಕಡಲೊಂದೇ. ಹಸುರು ನೀರೂ ನೀಲಿ ನೀರೂ ಕೂಡುವ ಗೆರೆಯಲ್ಲಿ ಕಡಲಕಳೆ ಸಾಲಾಗಿ ತೇಲುತ್ತದೆ. ಅದರ ನೆರಳಿನಲ್ಲಿ ಮರಿಮೀನುಗಳು. ಅವನ್ನು ಅರಸಿ ಬರುವ ದೊಡ್ಡ ಮೀನುಗಳು. ದೊಡ್ಡ ಮೀನಿಗೆ ಹೆದರಿ ಹಾರುಮೀನು ನೀರಿನಿಂದ ಮೇಲೆದ್ದರೆ ಅದನ್ನು ಕಚ್ಚಲು ಎರಗುವ ಹಕ್ಕಿಗಳು. ದೂರದಲ್ಲಿ ಸುತ್ತುವ ಒಂದು ಹಕ್ಕಿಯನ್ನು ಕಂಡು ನೀರಿನೊಳಗಿನ ಕಥೆಯನ್ನು ಊಹಿಸಬಲ್ಲವನೇ ನಿಜವಾದ ಕಪ್ತಾನ. ಇಂದು ಮೀನಿನ ಸುಳಿವು ಕೊಡುವ ಯಂತ್ರಗಳು ದೋಣಿಯಲ್ಲಿವೆ. ಆದರೂ ಅವನ ಕಣ್ಣು ಆಗಾಗ ಆಕಾಶದ ಕಡೆಗೇ ಹೋಗುತ್ತದೆ.

ಮೀನು ಗಾಳಕ್ಕೆ ಸಿಕ್ಕಿದ ಮೇಲಿನದು ವಿಚಿತ್ರ. 1939ರಲ್ಲಿ ಸ್ಥಾಪಿತವಾದ ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ ಎಂಬ ಸಂಸ್ಥೆ ಈ ಕ್ರೀಡೆಯ ದಾಖಲೆಗಳನ್ನು ಇಡುತ್ತದೆ. ಹೋರಾಟ ನಡೆಯುವಾಗ ಗಾಳಗಾರನ ಹೊರತು ಬೇರೆ ಯಾರ ಕೈಯಾದರೂ ಕೋಲಿಗೋ ದಾರಕ್ಕೋ ತಾಕಿದರೆ ಆ ಮೀನು ದಾಖಲೆಗೆ ಸಲ್ಲದೆಂಬುದು ಅದರ ನಿಯಮ. ತಾಸುಗಟ್ಟಲೆ ಎಳೆದಾಟ ನಡೆದು ಅತಿಥಿಯ ತೋಳು ಸೋತರೂ, ಬಲ್ಲವನಾದ ಕಪ್ತಾನ ಕೈಕಟ್ಟಿ ನಿಂತಂತೆಯೇ ಸರಿ. ಹಾಗೆಂದು ಅವನು ಸುಮ್ಮನಿರುತ್ತಾನೆಯೆ? ಮೀನು ಬಲಕ್ಕೆ ಓಡಿದರೆ ದೋಣಿಯನ್ನು ಬಲಕ್ಕೆ ತಿರುಗಿಸಬೇಕು. ದಾರವೆಲ್ಲ ಬಿಚ್ಚಿಹೋಗುವಂತಿದ್ದರೆ ದೋಣಿಯನ್ನೇ ಹಿಂದುಹಿಂದಕ್ಕೆ ನಡೆಸಬೇಕು. ದಾರ ದೋಣಿಯ ತಳಕ್ಕೆ ಉಜ್ಜಿ ತುಂಡಾಗದಂತೆ ಕಾಯಬೇಕು. ಅರ್ಧ ಹೋರಾಟ ಚುಕ್ಕಾಣಿಯಲ್ಲೇ ನಡೆಯುತ್ತದೆ. ಛಾಯಾಚಿತ್ರದಲ್ಲಿ ಚುಕ್ಕಾಣಿ ಕಾಣುವುದಿಲ್ಲ, ಅಷ್ಟೆ.

ಒಂದು ಕಾಲದಲ್ಲಿ ಹಿಡಿದ ಮಾರ್ಲಿನ್ ಮೀನನ್ನು ಧಕ್ಕೆಯಲ್ಲಿ ತಲೆಕೆಳಗಾಗಿ ತೂಗುಹಾಕಿ ಪ್ರದರ್ಶಿಸುವುದೇ ಸಂಭ್ರಮವಾಗಿತ್ತು. ಈಗ ಬಹುಪಾಲು ಮೀನುಗಳನ್ನು ದೋಣಿಯ ಪಕ್ಕಕ್ಕೆ ತಂದು, ಗಾಳ ಬಿಡಿಸಿ ಮರಳಿ ಕಡಲಿಗೆ ಬಿಡುತ್ತಾರೆ. ಅಟ್ಲಾಂಟಿಕ್ ಸಾಗರದ ಮಾರ್ಲಿನ್ ಮಾರಾಟವನ್ನು ಅಮೆರಿಕ 1988ರಲ್ಲಿ ನಿಷೇಧಿಸಿತು. ಇಂದು ಬಿಟ್ಟ ಮೀನು ನಾಳೆಯ ಅತಿಥಿಯನ್ನು ಕರೆತರುತ್ತದೆಂಬ ಲೆಕ್ಕಾಚಾರವೂ ಕಪ್ತಾನನಿಗಿದೆ. ಅದನ್ನು ಸ್ವಾರ್ಥವೆನ್ನುವುದಾದರೆ, ಅಂಥ ಸ್ವಾರ್ಥ ಇನ್ನಷ್ಟು ಇರಲಿ.

ಅವನ ನಿಜವಾದ ಸಂಕಟ ಬೇರೆ. ಪ್ರವಾಹಕ್ಕೆ ಎದುರಾಗಿ ಗಾಳಿ ಎದ್ದಿತೆಂದರೆ ಗಲ್ಫ್ ಪ್ರವಾಹದಲ್ಲಿ ಅಲೆಗಳು ಗೋಡೆಗಳಂತೆ ನಿಲ್ಲುತ್ತವೆ. ಅತಿಥಿ ದೂರದೂರಿನಿಂದ ಬಂದವನು; ರಜೆಯ ಕೊನೆಯ ದಿನ; ಹೋಗೋಣವೆಂದು ಹಟ ಹಿಡಿಯುತ್ತಾನೆ. ಹೊರಟರೆ ಆ ದಿನದ ಬಾಡಿಗೆ ಕೈಗೆ ಬರುತ್ತದೆ. ದೋಣಿಯ ಸಾಲದ ಕಂತನ್ನು ಕಟ್ಟಬಹುದು. ಹೊರಡದಿದ್ದರೆ ಸಹಾಯಕನ ಕೂಲಿಗೂ ಕುತ್ತು. ಆಗ ‘ಇಂದು ಬೇಡ’ ಎನ್ನುವುದಕ್ಕೆ ದೊಡ್ಡ ಮೀನನ್ನು ಎಳೆಯುವುದಕ್ಕಿಂತ ಹೆಚ್ಚಿನ ಶಕ್ತಿ ಬೇಕು. ಆ ಮಾತನ್ನಾಡಿದ್ದಕ್ಕೆ ಯಾರೂ ಪದಕ ಕೊಡುವುದಿಲ್ಲ. ಉಳಿದ ಜೀವಗಳನ್ನು ಎಣಿಸುವ ದಾಖಲೆ ಪುಸ್ತಕ ಯಾವ ಸಂಸ್ಥೆಯಲ್ಲಿಯೂ ಇಲ್ಲ.

ಈ ಬಾಳಿನ ಅಭದ್ರತೆಯನ್ನು ಹತ್ತಿರದಿಂದ ಕಂಡವನು ಅಮೆರಿಕದ ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೆ. ಕೀ ವೆಸ್ಟ್‌ನ ಜೋ ರಸೆಲ್ ಎಂಬವನ ‘ಅನಿಟಾ’ ದೋಣಿಯನ್ನು 1932ರಲ್ಲಿ ಬಾಡಿಗೆಗೆ ಹಿಡಿದು ಆತ ಕ್ಯೂಬಾದ ಕಡಲಿನಲ್ಲಿ ಗಾಳ ಹಾಕಿದ್ದ. 1937ರಲ್ಲಿ ಪ್ರಕಟವಾದ ಅವನ ‘ಟು ಹ್ಯಾವ್ ಅಂಡ್ ಹ್ಯಾವ್ ನಾಟ್’ ಕಾದಂಬರಿಯ ನಾಯಕ ಹ್ಯಾರಿ ಮಾರ್ಗನ್ ಬಾಡಿಗೆ ದೋಣಿಯ ಕಪ್ತಾನನೇ. ವಾರಗಟ್ಟಲೆ ದೋಣಿ ಬಳಸಿದ ಧನಿಕನೊಬ್ಬ ಬೆಲೆಬಾಳುವ ಗಾಳದ ಕೋಲನ್ನೂ ಕಳೆದು, ಹಣ ಕೊಡದೆ ವಿಮಾನ ಹತ್ತಿ ಹೋಗಿಬಿಡುತ್ತಾನೆ. ಮನೆಯಲ್ಲಿ ಹೆಂಡತಿ, ಮೂವರು ಹೆಣ್ಣುಮಕ್ಕಳು. ಮಾರ್ಗನ್ ಕಳ್ಳಸಾಗಣೆಗೆ ಇಳಿದು ಕೊನೆಗೆ ಜೀವವನ್ನೇ ಕಳೆದುಕೊಳ್ಳುತ್ತಾನೆ.

ಹೆಮಿಂಗ್ವೆ 1934ರಲ್ಲಿ ‘ಪಿಲಾರ್’ ಎಂಬ ಸ್ವಂತ ದೋಣಿಯನ್ನು ಕೊಂಡ. ಅದನ್ನು 1938ರಿಂದ ನೋಡಿಕೊಂಡವನು ಗ್ರೆಗೋರಿಯೊ ಫುಯೆಂತೆಸ್. ಬಾಡಿಗೆಯ ಬದಲು ಸಂಬಳವೆಂಬುದಷ್ಟೇ ವ್ಯತ್ಯಾಸ. ಕೆಲಸ ಅದೇ, ಗಾಳದ ಕೋಲು ಇನ್ನೊಬ್ಬನ ಕೈಯಲ್ಲಿ. 1897ರಲ್ಲಿ ಕೆನರಿ ದ್ವೀಪಗಳಲ್ಲಿ ಹುಟ್ಟಿದ ಈತ ಕ್ಯೂಬಾದ ಕೊಹೀಮಾರ್ ಎಂಬ ಬೆಸ್ತರ ಊರಿನಲ್ಲಿ ನೆಲೆಸಿದ್ದ. ಹೆಮಿಂಗ್ವೆ 1961ರಲ್ಲಿ ತೀರಿಕೊಂಡ ಮೇಲೆ ಈತ ನಾಲ್ವತ್ತು ವರ್ಷ ಬದುಕಿ, ಒಡೆಯನ ಕಥೆ ಕೇಳಬಂದ ಪ್ರವಾಸಿಗರಿಗೆ ಅದನ್ನು ಹೇಳುತ್ತ, 2002ರಲ್ಲಿ 104ನೆಯ ವಯಸ್ಸಿನಲ್ಲಿ ನಿಧನನಾದ. ಆ ಊರಿನ ಕಡಲತೀರದಲ್ಲಿ ಹೆಮಿಂಗ್ವೆಯ ಎದೆಮಟ್ಟದ ಪ್ರತಿಮೆಯೊಂದಿದೆ. ಅದನ್ನು ಎರಕಹೊಯ್ಯಲು ಬೇಕಾದ ಲೋಹಕ್ಕಾಗಿ ಅಲ್ಲಿಯ ಬಡ ಬೆಸ್ತರು ತಮ್ಮ ದೋಣಿಗಳ ಬಿಡಿಭಾಗಗಳನ್ನು ಬಿಚ್ಚಿ ಕೊಟ್ಟರು.