ಗಾಳ ಹಾಕಿ ಕೂತ ಆಮೆ

ಆಮೆಯೆಂದೊಡನೆ ನಮ್ಮ ಕಣ್ಮುಂದೆ ಬರುವುದು ಅಂಗಾಂಗಗಳನ್ನೆಲ್ಲ ಚಿಪ್ಪಿನೊಳಗೆ ಸೆಳೆದುಕೊಂಡ ಪ್ರಾಣಿ. ಗೀತೆ ಸ್ಥಿತಪ್ರಜ್ಞನಿಗೆ ಕೊಟ್ಟ ಉಪಮಾನವೂ ಅದೇ. ಊರು ಬಿಟ್ಟು ಬಂದ ನಾವು ಹರಿಕಥೆಗಳನ್ನು ಮರೆತಿರಬಹುದು, ಈ ಆಮೆಯನ್ನು ಮಾತ್ರ ಮರೆತಿಲ್ಲ. ಆದರೆ ಅಮೆರಿಕದ ಆಗ್ನೇಯ ನದಿಗಳ ಅಲಿಗೇಟರ್ ಸ್ನ್ಯಾಪಿಂಗ್ ಟರ್ಟಲ್ ಈ ಉಪಮೆಗೆ ಒಗ್ಗುವುದಿಲ್ಲ. ಅದರ ತಲೆ ಚಿಪ್ಪಿನೊಳಗೆ ಹಿಡಿಸದಷ್ಟು ದೊಡ್ಡದು. ಹೊಟ್ಟೆಯ ಕಡೆಯ ಚಿಪ್ಪೋ ಶಿಲುಬೆಯಾಕಾರದ ಕಿರಿದಾದ ಪಟ್ಟಿ, ಕಾಲುಗಳನ್ನು ಮುಚ್ಚಲಾರದು. ಅಡಗಲು ಬಾರದ ಈ ಆಮೆ ದವಡೆಯನ್ನೇ ನಂಬಿ ಬದುಕುತ್ತದೆ.

ಮಿಸಿಸಿಪ್ಪಿಯೂ ಸೇರಿದಂತೆ ಮೆಕ್ಸಿಕೊ ಕೊಲ್ಲಿಗೆ ಹರಿಯುವ ನದಿಗಳು ಅದರ ತವರು. ಉತ್ತರ ಅಮೆರಿಕದ ಸಿಹಿನೀರಿನ ಆಮೆಗಳಲ್ಲಿ ಇದೇ ಎಲ್ಲಕ್ಕಿಂತ ಭಾರದ್ದು; ಬಲಿತ ಗಂಡು 80 ಕಿಲೋ ದಾಟುವುದುಂಟು. ಬೆನ್ನಿನುದ್ದಕ್ಕೂ ಮೂರು ಸಾಲು ಮೊನಚು ದಿಣ್ಣೆಗಳು. ಪಾಚಿ ಹತ್ತಿದ ಮೇಲೆ ಕೆಸರಿನಲ್ಲಿ ಹೂತ ಮರದ ಬೊಡ್ಡೆಗೂ ಇದಕ್ಕೂ ವ್ಯತ್ಯಾಸ ತಿಳಿಯದು.

ಹಗಲು ಹೊತ್ತು ಅದು ನದಿಯ ತಳದಲ್ಲಿ ಬಾಯಿ ತೆರೆದು ನಿಶ್ಚಲವಾಗಿ ಬಿದ್ದಿರುತ್ತದೆ. ಬಾಯಿಯ ಒಳಗೂ ಕೆಸರಿನದೇ ಬಣ್ಣ. ನಾಲಗೆಯ ಮೇಲೆ ಮಾತ್ರ ನಸುಗೆಂಪಿನ ಎಳೆಯೊಂದು ಎರೆಹುಳುವಿನ ಹಾಗೆ ನುಲಿಯುತ್ತಿರುತ್ತದೆ. ಹುಳುವೆಂದು ಬಗೆದು ಮೀನು ಒಳನುಗ್ಗಿತೋ, ದವಡೆ ಮುಚ್ಚಿತು. ಕೊಕ್ಕರೆಯ ಕಪಟಕ್ಕೆ ನಮ್ಮ ಹಿರಿಯರು ಬಕಧ್ಯಾನವೆಂದು ಹೆಸರಿಟ್ಟರು. ಆದರೆ ಕೊಕ್ಕರೆ ಬರಿದೇ ಕಾಯುತ್ತದೆ, ಈ ಆಮೆ ತನ್ನ ನಾಲಗೆಯನ್ನೇ ಎರೆಯಾಗಿಸಿ ಕಾಯುತ್ತದೆ. ಈ ವಿದ್ಯೆ ಹೆಚ್ಚಾಗಿ ಮರಿಗಳದು. ದೊಡ್ಡವು ರಾತ್ರಿ ಅಲೆದು ಮೀನು, ಸೀಗಡಿಯಂಥ ಕ್ರೇಫಿಷ್, ಚಿಕ್ಕ ಆಮೆಗಳು, ಓಕ್ ಮರದಿಂದ ನೀರಿಗುದುರಿದ ಕಾಯಿ, ಸಿಕ್ಕಿದ್ದನ್ನೆಲ್ಲ ತಿನ್ನುತ್ತವೆ. ಒಮ್ಮೆ ಮುಳುಗಿದರೆ 40 ನಿಮಿಷ ಉಸಿರಿಗೆ ಮೇಲೆ ಬಾರದಿರಬಲ್ಲವು.

ಹೆಣ್ಣು ದಡಕ್ಕೆ ಬರುವುದು ಮೊಟ್ಟೆಯಿಡಲು ಮಾತ್ರ, ಅದೂ ವರ್ಷಕ್ಕೆ ಹೆಚ್ಚೆಂದರೆ ಒಮ್ಮೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಮಣ್ಣಿನ ಬಿಸಿ ನಿರ್ಧರಿಸುತ್ತದೆ. ಹೆಚ್ಚಿನ ಮೊಟ್ಟೆಗಳು ರಕೂನ್‌ಗಳ ಪಾಲು. ಉಳಿದು ಬೆಳೆದ ಮರಿ ಪ್ರಾಯಕ್ಕೆ ಬರಲು 11ರಿಂದ 13 ವರ್ಷ ಬೇಕು. ತಾಯಿ ದಶಕಗಳ ಕಾಲ ಬದುಕಿ, ವರ್ಷವರ್ಷವೂ ಮೊಟ್ಟೆಯಿಟ್ಟು ಈ ನಷ್ಟವನ್ನು ತುಂಬಿಕೊಡಬೇಕು. ವಂಶದ ಲೆಕ್ಕವೆಲ್ಲ ನಿಂತಿರುವುದು ಅವಳ ಆಯುಸ್ಸಿನ ಮೇಲೆ.

ಕಳೆದ ಶತಮಾನದ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಸೂಪಿನ ವ್ಯಾಪಾರ ಕೈಹಾಕಿದ್ದು ಆ ಆಯುಸ್ಸಿಗೇ. ಹಿಡಿಯುವವರಿಗೆ ಬೇಕಾದದ್ದು ದೊಡ್ಡ ಆಮೆ, ಎಂದರೆ ಬದಲಿ ಇಲ್ಲದ ಆಮೆ. ಮಾರಾಟಕ್ಕಾಗಿ ಹಿಡಿಯುವುದನ್ನು ಲೂಸಿಯಾನಾ ನಿಲ್ಲಿಸಿದ್ದು 2004ರಲ್ಲಿ. ಅವರ ನಾಲಗೆಯ ಚಪಲಕ್ಕೆ ಮೂಗು ಮುರಿಯುವ ಅಧಿಕಾರ ನಮಗಿಲ್ಲ. ಭೀಮಾ, ಕೃಷ್ಣೆಯರ ಮೆದುಚಿಪ್ಪಿನ ಆಮೆಗಳೂ ಮಾಂಸಕ್ಕಾಗಿ ಬಲೆಗೆ ಬಿದ್ದಿವೆ. ಫ್ಲಾರಿಡಾ, ಜಾರ್ಜಿಯಾಗಳಲ್ಲಿ ಹರಿಯುವ ಸುವಾನಿ ನದಿಯ ಆಮೆಗಳನ್ನು 2014ರಲ್ಲಿ ಬೇರೆಯೇ ಪ್ರಭೇದವೆಂದು ಗುರುತಿಸಲಾಯಿತು. ಅಪಾಯದಲ್ಲಿರುವ ಜೀವಿಗಳ ರಾಷ್ಟ್ರೀಯ ಪಟ್ಟಿಗೆ ಅವು ಸೇರುವಷ್ಟರಲ್ಲಿ 2024 ಬಂದಿತ್ತು.

ಬೇಟೆ ನಿಂತರೂ ಗಾಳ ನಿಂತಿಲ್ಲ. ಕ್ಯಾಟ್‌ಫಿಷ್ ಹಿಡಿಯುವವರು ಕೊಕ್ಕೆಗಳ ಸಾಲು ಕಟ್ಟಿದ ಹಗ್ಗವನ್ನು ರಾತ್ರಿಯಿಡೀ ನದಿಯಲ್ಲಿ ಬಿಟ್ಟಿರುತ್ತಾರೆ. ಎರೆಗೆ ಬಾಯಿ ಹಾಕಿದ ಆಮೆ ಕೊಕ್ಕೆಗೆ ಸಿಕ್ಕಿ, ಉಸಿರಿಗೆ ಮೇಲೇಳಲಾರದೆ ಮುಳುಗಿ ಸಾಯುತ್ತದೆ. ಓಕ್ಲಹೋಮದ ಟಿಶೊಮಿಂಗೊ ಮೀನುಮರಿ ಕೇಂದ್ರದಲ್ಲಿ ಮೊಟ್ಟೆಯೊಡೆದ ಮರಿಗಳನ್ನು ಕೆಲವು ವರ್ಷ ಸಾಕಿ ನದಿಗೆ ಬಿಡುತ್ತಿದ್ದಾರೆ. ಅವು ಮೊದಲ ಮೊಟ್ಟೆ ಇಡುವ ತನಕ ಆ ಹಗ್ಗಗಳ ನಡುವೆಯೇ ಬೆಳೆಯಬೇಕು.