ಕ್ಯಾಸೆಟ್ಟಿಗೆ ಇಳಿದ ಹಗರಣ

ಪತ್ರಿಕೆ ಓದುವವರಿಗೆ ಹಗರಣ ಎಂದರೆ ಕೋಟಿಗಟ್ಟಲೆ ರೂಪಾಯಿಯ ಮೋಸ. ಅಂಕೋಲೆಯವರಿಗೆ ಹಾಗಲ್ಲ. ಹೋಳಿ ಹುಣ್ಣಿಮೆಯ ಹೊತ್ತಿಗೆ ಹಾಲಕ್ಕಿ ಒಕ್ಕಲಿಗರು ತಲೆಗೆ ತುರಾಯಿ ಕಟ್ಟಿ ಸುಗ್ಗಿ ಕುಣಿಯುತ್ತ ಬರುವ ದಿನಗಳಲ್ಲಿ, ವೇಷ ಹಾಕಿಕೊಂಡ ಜನ ಬೀದಿಯಲ್ಲೇ ಆಡಿ ತೋರಿಸುವ ಅಣಕು ಪ್ರಸಂಗಗಳಿಗೆ ನಮ್ಮ ಕಡೆ ಹಗರಣ ಎನ್ನುತ್ತಾರೆ. ಡಾಕ್ಟರು ಬರುತ್ತಾನೆ, ಪೊಲೀಸ ಬರುತ್ತಾನೆ, ಕಚೇರಿಯ ಸಾಹೇಬ ಬರುತ್ತಾನೆ. ಆ ವರ್ಷ ಊರಲ್ಲಿ ನಡೆದದ್ದೆಲ್ಲ ಅದರೊಳಗೆ ಬರುತ್ತದೆ. ಮಾತು ತುಂಟತನದ್ದು, ಕೆಲವೊಮ್ಮೆ ಪೋಲಿಯದು. ಈ ಕಸುಬು ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆ ಇದ್ದ. ನಗಿಸುವುದೂ ದುಡಿಮೆಯೇ ಎಂದು ಒಪ್ಪಿಕೊಂಡ ಕಾಲ ಅದು.

ಬೀದಿಯ ಹಗರಣದಲ್ಲಿ ನನಗೆ ಇಷ್ಟವಾಗುವ ಸಂಗತಿ ಒಂದಿದೆ. ಯಾರನ್ನು ಅಣಕಿಸುತ್ತಾರೋ ಆತ ಅಲ್ಲೇ ಅಂಗಡಿಯ ಬಾಗಿಲಲ್ಲಿ ನಿಂತಿರುತ್ತಾನೆ. ನಕ್ಕು ದುಡ್ಡು ಕೊಡಬಹುದು, ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು. ಏನೇ ಮಾಡಿದರೂ ಅವನಿಗೊಂದು ಉತ್ತರ ಇರುತ್ತದೆ.

ಕ್ಯಾಸೆಟ್ಟು ಬಂದ ಮೇಲೆ ಈ ಲೆಕ್ಕ ಬದಲಾಯಿತು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕಾರವಾರದ ಕ್ಯಾಸೆಟ್ ಅಂಗಡಿಗಳಲ್ಲಿ ಸಿನಿಮಾ ಹಾಡು, ಯಕ್ಷಗಾನದ ಪ್ರಸಂಗ, ಕಾಳಿ ನದಿಯ ಆಚೆ ಗೋವೆಯಿಂದ ಬಂದ ಕೊಂಕಣಿ ಹಾಡುಗಳ ಪಕ್ಕದಲ್ಲಿ ನಗೆ ಕ್ಯಾಸೆಟ್ಟುಗಳದೇ ಒಂದು ಸಾಲು ಇರುತ್ತಿತ್ತು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’, ಧೀರೇಂದ್ರ ಗೋಪಾಲರ ಹಾಸ್ಯ, ಮಿಮಿಕ್ರಿ ದಯಾನಂದ್, ಆಮೇಲೆ ಗಂಗಾವತಿ ಪ್ರಾಣೇಶ್. 2019ರಲ್ಲಿ ತೀರಿಕೊಂಡ ಹಿರಣ್ಣಯ್ಯನವರು ರಂಗದ ಮೇಲೆ ಆ ದಿನದ ಸುದ್ದಿಯನ್ನೇ ಎತ್ತಿಕೊಂಡು ಮಾತು ಬೆಳೆಸುವವರು. ಇವತ್ತಿನ ಮಾತು ನಾಳೆಯ ಆಟದಲ್ಲಿ ಇರುವ ಖಾತ್ರಿ ಇಲ್ಲ. ಕ್ಯಾಸೆಟ್ಟಿನಲ್ಲಿ ಮಾತ್ರ ಅದೇ ಮಾತು, ಅದೇ ಚಪ್ಪಾಳೆ, ನೂರು ಸಲ. ಆದರೂ ಕೇಳುತ್ತಿದ್ದೆವು. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಟೆಂಪೋಗಳಲ್ಲಿ ಡ್ರೈವರನಿಗೆ ಮುಂದಿನ ಸಾಲು ಬಾಯಿಪಾಠ.

ಆ ಸಾಲುಗಳಲ್ಲಿ ‘ಸಾಬರ ಪಾತ್ರ’ ಎಂಬುದೊಂದು ಬರುತ್ತಿತ್ತು. ಯಾರ ಕ್ಯಾಸೆಟ್ಟು ಎಂಬುದು ಬೇಡ, ಅನೇಕರದರಲ್ಲಿ ಇತ್ತು. ‘ನಮ್ದೂಕೆ, ನಿಮ್ದೂಕೆ’ ಎಂದು ಶುರುವಾದರೆ ಟೆಂಪೋ ತುಂಬ ನಗು. ಹಿಂದಿನ ಸೀಟಿನಲ್ಲಿ ಕೂತ ಮುಸಲ್ಮಾನ ಯಾರಿಗೆ ಉತ್ತರ ಕೊಡಬೇಕು? ಟೇಪ್ ರೆಕಾರ್ಡರಿಗೆ? ಸಿಟ್ಟಾದರೆ ನಗು ಗೊತ್ತಿಲ್ಲದವನಾಗುತ್ತಾನೆ, ನಕ್ಕರೆ ಒಪ್ಪಿಕೊಂಡಂತಾಗುತ್ತದೆ. ನಮ್ಮ ಜಿಲ್ಲೆಯಲ್ಲಂತೂ ಆ ಮಾತಿಗೆ ತಳವೂ ಇಲ್ಲ. ಭಟ್ಕಳದ ನವಾಯತರ ಮನೆಮಾತು ಕೊಂಕಣಿಗೆ ಹತ್ತಿರದ ನವಾಯತಿ. ಕಾರವಾರದ ಮುಸ್ಲಿಮರಲ್ಲಿ ಕೊಂಕಣಿಯೂ ಇದೆ, ದಖನಿಯೂ ಇದೆ. ಪೇಟೆಗೆ ಬಂದರೆ ಎಲ್ಲರದೂ ನಾವು ನೀವು ಆಡುವ ಕನ್ನಡವೇ.

1997ರ ಬೇಸಿಗೆಯಲ್ಲಿ ನಮ್ಮ ಐದಾರು ಗೆಳೆಯರು ಅಂಕೋಲೆಯದೇ ಒಂದು ನಗೆ ಕ್ಯಾಸೆಟ್ಟು ಮಾಡಲು ಹೊರಟರು. ಟೇಪ್ ರೆಕಾರ್ಡರ್ ನನ್ನದಾದ್ದರಿಂದ ಗುಂಡಿ ಒತ್ತುವ ಕೆಲಸ ನನ್ನದು. ರಜೆಯಲ್ಲಿ ಖಾಲಿ ಬಿದ್ದ ಶಾಲೆಯ ಕೋಣೆ, ಕಿಟಕಿಗೆ ಕಂಬಳಿ, ರಾತ್ರಿ ಹತ್ತರ ಮೇಲೆ ಧ್ವನಿಮುದ್ರಣ, ಏಕೆಂದರೆ ಹಗಲು ಕಾಗೆಗಳ ಕಾಟ. ಒಂದೊಂದು ಬದಿಗೆ 30 ನಿಮಿಷ, ಒಟ್ಟು ಎಂಟು ಪ್ರಸಂಗ. ನಗುವವರಿಲ್ಲದೆ ನಗಿಸುವುದು ಎಷ್ಟು ಕಷ್ಟವೆಂದು ಮೊದಲ ರಾತ್ರಿಯೇ ಗೊತ್ತಾಯಿತು. ಅಮೆರಿಕದ ಬಾಬ್ ನ್ಯೂಹಾರ್ಟ್ ಎಂಬಾತನ ಮೊದಲ ಹಾಸ್ಯ ರೆಕಾರ್ಡು 1960ರಲ್ಲಿ ಬಂದಾಗ ಅದನ್ನು ಹ್ಯೂಸ್ಟನ್ನಿನ ಕ್ಲಬ್ಬೊಂದರಲ್ಲಿ ಜನರ ಎದುರಿಗೇ ಮುದ್ರಿಸಿದ್ದರಂತೆ. ನಾವು ಅಕ್ಕಪಕ್ಕದ ಮಕ್ಕಳನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದೆವು. ಎರಡನೇ ಸಲ ಆಡುವಾಗ ಅವು ಮಾತು ಮುಗಿಯುವ ಮೊದಲೇ ನಗತೊಡಗಿದವು. ಮೂರನೇ ಸಲಕ್ಕೆ ನಿದ್ದೆ ಹೋದವು.

ಐದನೆಯ ಪ್ರಸಂಗದಲ್ಲಿ ಅದೇ ‘ಸಾಬರ ಪಾತ್ರ’ ಇತ್ತು. ಬರೆದವನು ಕ್ಯಾಸೆಟ್ಟು ಕೇಳಿ ಕೇಳಿಯೇ ಬರೆದಿದ್ದ. ಆಡಬೇಕಾದವನು ನಮ್ಮ ಗುಂಪಿನ ಒಬ್ಬನೇ ಮುಸ್ಲಿಂ ಹುಡುಗ, ಊರಿನ ದರ್ಜಿಯೊಬ್ಬರ ಮಗ. ಓದಿ ನೋಡಿ, ‘ನಮ್ಮನೇಲಿ ಯಾರೂ ಹಿಂಗೆ ಮಾತಾಡೂದಿಲ್ಲ ಮಾರಾಯಾ’ ಎಂದ. ಜಗಳದ ದನಿಯಲ್ಲಿ ಹೇಳಲಿಲ್ಲ. ‘ಹಾಗಾದರೆ ನಿನ್ನ ಮಾತಲ್ಲೇ ಹೇಳು’ ಎಂದ ಬರೆದವನು. ಅವನು ಅಂಕೋಲೆಯ ಕನ್ನಡದಲ್ಲಿ ಇಡೀ ಪ್ರಸಂಗ ಹೇಳಿದ. ಯಾರಿಗೂ ನಗು ಬರಲಿಲ್ಲ. ಮಕ್ಕಳಿಗೂ ಬರಲಿಲ್ಲ. ಆ ನಾಲಿಗೆ ತೆಗೆದರೆ ಅಲ್ಲಿ ಜೋಕೇ ಇರಲಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಕಂಡಿತು. ಬರೆದವನಿಗೆ ಬೇಸರವಾಯಿತು, ಎರಡು ದಿನ ಬರಲೇ ಇಲ್ಲ.

ಮೂರನೆಯ ದಿನ ಬಂದವನು ಹುಡುಗನನ್ನೇ ಕೇಳಿದ, ‘ನಿಮ್ಮಪ್ಪ ಅಂಗಡಿಯಲ್ಲಿ ದಿನಾ ಏನು ಹೇಳುತ್ತಾರೆ?’ ಅದರಿಂದ ಹೊಸ ಪ್ರಸಂಗ ಹುಟ್ಟಿತು. ಒಬ್ಬ ದರ್ಜಿ ಇದ್ದಾನೆ, ಬಂದವರಿಗೆಲ್ಲ ‘ನಾಳೆ’ ಎನ್ನುತ್ತಾನೆ. ಶಾಲೆ ಶುರುವಾಗುವ ಸಮವಸ್ತ್ರಕ್ಕೂ ನಾಳೆ, ಮದುವೆಯ ರವಿಕೆಗೂ ನಾಳೆ, ರಂಜಾನಿನ ಜುಬ್ಬಕ್ಕೂ ನಾಳೆ. ಕೊನೆಗೆ ತನ್ನ ಮಗನ ಅಂಗಿಗೂ ನಾಳೆ. ಮಗನೇ ಅಪ್ಪನ ದನಿಯಲ್ಲಿ ಆಡಿದ. ಗುಂಡಿ ಒತ್ತಿದ್ದ ನನ್ನ ಕೈ ನಗುವಿಗೆ ಅಲುಗಿ ಒಂದು ಸಾಲು ಹಾಳಾಯಿತು. ಕ್ಯಾಸೆಟ್ಟಿನಲ್ಲಿ ಆ ಸದ್ದು ಹಾಗೇ ಇದೆ.

ಕಾರವಾರದ ಅಂಗಡಿಯೊಂದರಲ್ಲಿ 50 ಪ್ರತಿ ಮಾಡಿಸಿದೆವು. ಬಂಡಿಹಬ್ಬದ ಜಾತ್ರೆಯಲ್ಲಿ ಕಬ್ಬಿನ ಹಾಲಿನ ಅಂಗಡಿಯ ಪಕ್ಕ ಹಲಗೆಯೊಂದೇ ನಮ್ಮ ಮಳಿಗೆ. ಅದೇ ಬಿಡುಗಡೆ ಸಮಾರಂಭ. ಬೆಲೆ 25 ರೂಪಾಯಿ, ಖರ್ಚಾದದ್ದು ಮೂವತ್ತು ಚಿಲ್ಲರೆ ಪ್ರತಿ. ಹಾಕಿದ ದುಡ್ಡು ಪೂರ್ತಿ ಬರಲಿಲ್ಲ, ಎರಡನೆಯ ಕ್ಯಾಸೆಟ್ಟಿನ ಮಾತು ಅಲ್ಲಿಗೇ ನಿಂತಿತು.

ದರ್ಜಿಯವರು ಒಂದು ಪ್ರತಿಯನ್ನು ದುಡ್ಡು ಕೊಟ್ಟೇ ಒಯ್ದರು. ಮಾರನೆಯ ದಿನ ಅಂಗಡಿಗೆ ಹೋದರೆ ಮುಖ ಗಂಟಿಕ್ಕಿತ್ತು. ‘ನಾಳೆ ಅಂತ ಹೇಳೂದು ಹೌದು. ಆದರೆ ಮಗನ ಅಂಗಿ ನಾನು ಹೊತ್ತಿಗೆ ಸರಿಯಾಗೇ ಹೊಲಿದು ಕೊಟ್ಟಿದ್ದೆ, ಅದು ಸುಳ್ಳು’ ಎಂದರು. ಮಗನನ್ನು ನಮ್ಮೆದುರಿಗೇ ಬೈದರು. ಆದರೆ ಕ್ಯಾಸೆಟ್ಟಿನ ಡಬ್ಬಿ ಹೊಲಿಗೆ ಯಂತ್ರದ ಪಕ್ಕದಲ್ಲೇ ಇತ್ತು. ಅಷ್ಟರಲ್ಲಿ ಹೆಂಗಸೊಬ್ಬಳು ಬಂದು ರವಿಕೆ ಕೇಳಿದಳು. ಅವರು ತಲೆ ಎತ್ತದೆ ಡಬ್ಬಿಯತ್ತ ಬೆರಳು ತೋರಿಸಿ, ‘ಅದರಲ್ಲಿ ಹೇಳಿದೇನಲ್ಲ ತಂಗಿ’ ಎಂದರು.