ದವಡೆ ನೋವಿಗೆ ಬೆಳಕಿನ ಮದ್ದು

ನಮ್ಮ ಹಗರಿಬೊಮ್ಮನಹಳ್ಳಿ ಕಡೆ ಜೋಳದ ರೊಟ್ಟಿ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಅಲ್ಲ. ಅಂಥಾದ್ರಲ್ಲಿ ನಾನು ಎರಡು ತಿಂಗಳು ರೊಟ್ಟಿಯ ತಂಟೆಗೇ ಹೋಗಲಿಲ್ಲ. ಬಾಯಿ ತೆರೆದರೆ ಬಲಗಿವಿಯ ಮುಂದೆ ‘ಕಟಕ್’ ಅನ್ನೋ ಸದ್ದು, ಹಿಂದೆಯೇ ತಲೆವರೆಗೂ ಏರೋ ನೋವು. ಅಗಿಯೋ ಕೆಲಸವಿಲ್ಲದ ಮುದ್ದೆ, ಗಂಜಿಯಲ್ಲೇ ದಿನ ದೂಡಿದೆ. ಊಟ ಹೇಗೋ ನಡೀತು. ಆದರೆ ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಧ್ಯಾಹ್ನದ ಹೊತ್ತಿಗೆ ಪದ್ಯ ಹೇಳಿಕೊಡೋಕೂ ಆಗ್ತಿರಲಿಲ್ಲ. ಮಾತಿನಿಂದಲೇ ಅನ್ನ ತಿನ್ನೋಳಿಗೆ ಬಾಯೇ ಕೈಕೊಟ್ಟರೆ ಹೇಗೆ?

ಕಿವಿ ಡಾಕ್ಟರು ನೋಡಿ, “ಕಿವಿಯಲ್ಲಿ ಏನೂ ತೊಂದರೆ ಇಲ್ಲಮ್ಮ, ಹಲ್ಲಿನ ಡಾಕ್ಟರಿಗೆ ತೋರಿಸಿ” ಅಂದರು. ದಾವಣಗೆರೆಯ ಡೆಂಟಲ್ ಕಾಲೇಜಿಗೆ ಹೋದಾಗ ಗೊತ್ತಾಯಿತು, ಅದು ಕೆಳದವಡೆ ತಲೆಬುರುಡೆಗೆ ಸೇರೋ ಕೀಲಿನ ನೋವು ಅಂತ. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚಂತೆ. ನಮ್ಮ ಮೂರು ಬೆರಳು ಒಂದರ ಮೇಲೊಂದು ಜೋಡಿಸಿದರೆ ಮುಂದಿನ ಹಲ್ಲುಗಳ ನಡುವೆ ಹಿಡಿಸಬೇಕು. ನನಗೆ ಎರಡೇ ಕಷ್ಟವಾಗಿತ್ತು.

ನೋವು ತಗ್ಗೋಕೆ ಲೇಸರ್ ಕೊಡೋಣ ಅಂದರು. ಮನೆಯಲ್ಲಿ ಹೇಳಿದರೆ ಅತ್ತೆ ನಕ್ಕುಬಿಟ್ಟರು: “ಬೆಳಕಿಗೆ ನೋವು ಹೋಗಂಗಿದ್ರೆ, ದಿನಾ ಹೊಲದಾಗ ಬಿಸಿಲು ಕಾಯೋರಿಗೆ ಮೈಕೈ ನೋವೇ ಇರಬಾರದಾಗಿತ್ತು ನೋಡವ್ವ!” ನ್ಯಾಯವಾದ ಪ್ರಶ್ನೆ. ಮುಂದಿನ ಸಲ ಡಾಕ್ಟರನ್ನೇ ಕೇಳಿದೆ.

ಬಿಸಿಲಿನಲ್ಲಿ ಎಲ್ಲ ಬಣ್ಣದ ಬೆಳಕೂ ಬೆರೆತಿರುತ್ತೆ. ಈ ಲೇಸರ್ ಒಂದೇ ಬಗೆಯ ಬೆಳಕು. ಕೆಂಪು, ಇಲ್ಲವೇ ಕಣ್ಣಿಗೆ ಕಾಣದ ಅವಕೆಂಪು. ತರಂಗದ ಉದ್ದ ಸುಮಾರು 600ರಿಂದ 1000 ನ್ಯಾನೋಮೀಟರ್ ಒಳಗೆ. ಅದು ಚರ್ಮ ದಾಟಿ ಸ್ವಲ್ಪ ಒಳಗಿಳಿಯುತ್ತೆ. ಜೀವಕೋಶಕ್ಕೆ ಶಕ್ತಿ ತಯಾರಿಸಿ ಕೊಡೋ ಮೈಟೋಕಾಂಡ್ರಿಯ ಅದನ್ನು ಹೀರಿಕೊಂಡು ಚುರುಕಾಗುತ್ತೆ, ಉರಿಯೂತ ಇಳಿಯುತ್ತೆ ಅನ್ನೋದು ವಿವರಣೆ. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್, ಕೂದಲು ಬೋಳಿಸಿದ ಇಲಿಗಳ ಮೇಲೆ ಲೇಸರ್ ಹಾಯಿಸಿದಾಗ ಕೂದಲು ಬೇಗ ಬೆಳೆಯಿತಂತೆ. ಈ ಚಿಕಿತ್ಸೆಯ ಹಾದಿ ಅಲ್ಲಿಂದ ಶುರು.

ನನ್ನ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಪೆನ್ನಿನಂಥ ಉಪಕರಣವನ್ನು ಕಿವಿಯ ಮುಂದೆ, ಕೆನ್ನೆಯ ಮೇಲೆ ಅಲ್ಲಲ್ಲಿ ಹಿಡಿದರು. ಸುಡಲಿಲ್ಲ, ಚುಚ್ಚಲಿಲ್ಲ. ಮೊದಲೆರಡು ಸಲ ಏನೂ ಗೊತ್ತಾಗಲಿಲ್ಲ. ನಾಲ್ಕನೇ ಸಲದ ಹೊತ್ತಿಗೆ ನೋವು ಹಿಡಿತಕ್ಕೆ ಬಂತು. ‘ಕಟಕ್’ ಮಾತ್ರ ಇವತ್ತಿಗೂ ಇದೆ. ನೋವಿಲ್ಲದ ಬರೀ ಸದ್ದಿಗೆ ಹೆದರಬೇಕಿಲ್ಲ ಅಂದಿದ್ದಾರೆ.

ಹಾಗಂತ ಎಲ್ಲಾ ಲೇಸರ್‌ನಿಂದಲೇ ಆಯ್ತು ಅಂದರೆ ಸುಳ್ಳಾಗುತ್ತೆ. ಎಲ್ಲರಿಗೂ ಒಂದೇ ಥರ ಫಲ ಸಿಗಲ್ಲ ಅಂತ ಡಾಕ್ಟರೇ ಮೊದಲು ಹೇಳಿದ್ದರು. ನೋವು ತಗ್ಗಿದ್ದರಿಂದ ದವಡೆಯ ವ್ಯಾಯಾಮ ಮಾಡೋಕಾಯ್ತು, ಅದೇ ದೊಡ್ಡ ಉಪಕಾರ. ಜೊತೆಗೆ ಬಿಸಿನೀರಿನ ಶಾಖ, ರಾತ್ರಿ ಹಲ್ಲಿಗೆ ಹಾಕಿಕೊಳ್ಳೋ ಸ್ಪ್ಲಿಂಟ್. ಮಗಳ ಮದುವೆ ಸಾಲದ ಚಿಂತೆಯಲ್ಲಿ ನಾನು ನಿದ್ದೆಯಲ್ಲೂ ಹಲ್ಲು ಕಚ್ಚುತ್ತಿದ್ದೆ. ಆ ಸಾಲವನ್ನ ಯಾವ ಬೆಳಕೂ ತೀರಿಸಲ್ಲವಲ್ಲ! ಮನೆಯವರ ಜೊತೆ ಕೂತು ತಿಂಗಳಿಗೆ ಇಷ್ಟು ಅಂತ ಲೆಕ್ಕ ಹಾಕಿದ ಮೇಲೆ ನಿದ್ದೆ ಹತ್ತಿತು.

ನಿಮಗೂ ಹೀಗಿದ್ದರೆ, ‘ಲೇಸರ್’ ಬೋರ್ಡ್ ನೋಡಿ ದುಡ್ಡು ಕಟ್ಟೋ ಮುಂಚೆ ಮೂರು ಮಾತು ಕೇಳಿ: ಎಷ್ಟು ಸಲ, ಎಷ್ಟು ಖರ್ಚು, ಜೊತೆಗೆ ಇನ್ನೇನು ಮಾಡಬೇಕು? ಕಾಸಿಲ್ಲದೆ ಮಾಡೋದೂ ಒಂದಿದೆ. ಊಟದ ಹೊತ್ತು ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬಾರದು. ತುಟಿ ಮುಚ್ಚಿರಲಿ, ಹಲ್ಲು ಬಿಡುವಾಗಿರಲಿ. ನೆನಪಿಗೆ ಅಂತ ಹಾಜರಿ ಪುಸ್ತಕಕ್ಕೆ ‘ಹಲ್ಲು ಬಿಡು’ ಅಂತ ಚೀಟಿ ಅಂಟಿಸಿದ್ದೇನೆ. ಅದನ್ನು ಓದಿದ ಮಕ್ಕಳೆಲ್ಲ ಹಲ್ಲು ಬಿಡ್ತಾವೆ!